ಮಾರ್ಕಿಲ್ಲದ ಪರೀಕ್ಷೆಯಲ್ಲಿ ಕಾಪಿ

ಮಕ್ಕಳು ಲೆಕ್ಕ ತಪ್ಪಿದರೆ ಬೈಯುವ ಹೆಡ್ಮಾಸ್ಟರರನ್ನು ನೀವು ನೋಡಿರುತ್ತೀರಿ. ಬೆತ್ತ ಎತ್ತುವವರನ್ನೂ ನೋಡಿರುತ್ತೀರಿ. ಲೆಕ್ಕ ತಪ್ಪಾದದ್ದಕ್ಕೆ ಸಂತೋಷಪಟ್ಟು ಕುರ್ಚಿಯಿಂದ ಎದ್ದು ಕುಣಿಯುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದು ಮಾತ್ರವಲ್ಲ, ಅಂಥವರ ತಂಗಿಯನ್ನೇ ಮದುವೆಯಾಗಿದ್ದೇನೆ!

ನನ್ನ ಈ ಭಾವ ಸಿದ್ಧಕಟ್ಟೆ ಕಡೆಯ ಒಂದು ಶಾಲೆಯಲ್ಲಿ ಹೆಡ್ಮಾಸ್ಟರರಾಗಿದ್ದರು. ನಾನು ಮೂಡಬಿದ್ರೆಯ ಆಚೆ ಒಂದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನ ಮಾಷ್ಟ್ರು. ಹೈಸ್ಕೂಲು ಮುಗಿಸಿ ಮೇಷ್ಟರ ತರಬೇತಿ ಪಡೆದು ಕೆಲಸಕ್ಕೆ ಸೇರಿದವನು. ಕಲಿಸುವುದಕ್ಕಿಂತ ಸಿಟ್ಟು ಮಾಡುವುದು ನನಗೆ ಬೇಗ ಕೈವಶವಾಗಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಭಾವ ಈಗ ಇಲ್ಲ. ಅವರ ಮೇಲಿನ ನನ್ನ ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿದೆ. ಸತ್ತವರ ಮೇಲೆ ಎಂಥ ಸಿಟ್ಟು ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ.

ಮದುವೆಯಾದ ಹೊಸತರಲ್ಲಿ ಹೆಂಡತಿಯ ಮನೆಗೆ ಊಟಕ್ಕೆ ಹೋಗಿದ್ದೆ. ಹೊಸ ಅಳಿಯ! ಎಲೆಯ ತುದಿಯಲ್ಲಿ ಪಾಯಸ ಬಿದ್ದಿದೆ, ಕೈ ಹಾಕಬೇಕು ಎನ್ನುವಷ್ಟರಲ್ಲಿ ಭಾವ ಒಂದು ಸ್ಲೇಟು ಹಿಡಿದುಕೊಂಡು ಓಡಿ ಬಂದರು.

"ಭಾವ, ಇದು ನೋಡಿ! ಐವತ್ತೆರಡರಲ್ಲಿ ಮೂವತ್ತೆಂಟು ಕಳೆದರೆ ಇಪ್ಪತ್ತಾರಂತೆ! ಎಂಥ ಚಂದದ ತಪ್ಪು!"

"ತಪ್ಪು ತಪ್ಪೇ ಅಲ್ಲವಾ ಭಾವ? ಅದರಲ್ಲಿ ಚಂದ ಎಂತದು?"

"ಹಾಗಲ್ಲ ಮಾರಾಯ್ರೇ! ಎರಡರಿಂದ ಎಂಟು ಹೋಗುವುದಿಲ್ಲ ಅಂತ ಈ ಮಗುವಿಗೆ ಗೊತ್ತುಂಟು. ಅದಕ್ಕೆ ತಿರುಗಿಸಿ ಎಂಟರಿಂದಲೇ ಎರಡು ಕಳೆದಿದೆ. ಐದರಿಂದ ಮೂರು. ಇಪ್ಪತ್ತಾರು! ಸರಿ ಬರೆದಿದ್ದರೆ ಅದರ ತಲೆಯಲ್ಲಿ ಎಂತ ಉಂಟು ಅಂತ ನಮಗೆ ಗೊತ್ತಾಗುತ್ತಿತ್ತಾ? ಈಗ ಬಾಗಿಲು ತೆರೆದು ತೋರಿಸಿದೆ, ಪುಣ್ಯಾತ್ಮ!"

ಹೇಳುವ ಭರದಲ್ಲಿ ಸ್ಲೇಟಿನ ಮೂಲೆ ನನ್ನ ಪಾಯಸದಲ್ಲಿ ಮುಳುಗಿತು. ಎರಡನೇ ಕ್ಲಾಸಿನ ಮಗು ಲೆಕ್ಕ ತಪ್ಪಿದ್ದಕ್ಕೆ ನನಗೆ ಪಾಯಸ ಇಲ್ಲ. ಸಿಟ್ಟು ಬರುತ್ತದೋ ಇಲ್ಲವೋ?

ಒಬ್ಬರೇ ಕುಣಿದುಕೊಂಡಿದ್ದರೆ ಸಹಿಸಬಹುದಿತ್ತು. ಅವರು ಕುಣಿಯುವುದಕ್ಕೆ ಒಂದು ಮೇಳವನ್ನೇ ಕಟ್ಟಿದರು! ಏಳನೇ ಕ್ಲಾಸಿಗೆ ವರ್ಷದ ಕೊನೆಯಲ್ಲಿ ಪಬ್ಲಿಕ್ ಪರೀಕ್ಷೆ. ಮಗು ಎಲ್ಲಿ ಎಡವಿದೆ ಎಂದು ಆಗ ಗೊತ್ತಾದರೆ ಏನು ಫಲ, ವರ್ಷವೇ ಮುಗಿದಿರುತ್ತದಲ್ಲ ಎಂದು ಭಾವನ ವಾದ. ಅದಕ್ಕೆ ವಾರಕ್ಕೊಂದು ಕಿರುಪರೀಕ್ಷೆ. ಮೂರೇ ಪ್ರಶ್ನೆ, ಮಾರ್ಕಿಲ್ಲ. ಬಂಟ್ವಾಳ ಪೇಟೆಯಿಂದ ಲೀನಾ ಟೀಚರ್, ಬೆಳ್ತಂಗಡಿ ಕಡೆಯಿಂದ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬರು ಪಂಡಿತರು, ಮೂಡಬಿದ್ರೆ ಕಡೆಯಿಂದ ನಾನು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾವೆಲ್ಲ ಬಸ್ಸು ಹಿಡಿದು ಭಾವನ ಶಾಲೆಗೆ ಹೋಗಬೇಕು, ಒಟ್ಟಿಗೆ ಕೂತು ಪ್ರಶ್ನೆ ತಯಾರಿಸಬೇಕು, ನಮ್ಮ ನಮ್ಮ ಕ್ಲಾಸಿನಲ್ಲಿ ಅದನ್ನೇ ಕೊಟ್ಟು ಮುಂದಿನ ಶನಿವಾರ ಉತ್ತರದ ಹಾಳೆಗಳನ್ನು ತರಬೇಕು. ಶನಿವಾರ ಮಧ್ಯಾಹ್ನ! ಮನುಷ್ಯರು ಮಲಗುವ ಹೊತ್ತು!

"ನಾನು ಹೋಗುವುದಿಲ್ಲ" ಎಂದೆ ಹೆಂಡತಿಯಲ್ಲಿ.

"ಅಣ್ಣ ಕರೆದಿದ್ದಾರೆ. ಕೊಡೆ ಬಾಗಿಲ ಹತ್ತಿರ ಇಟ್ಟಿದ್ದೇನೆ" ಎಂದಳು.

ಮೊದಲ ಶನಿವಾರ ನಾನು ಒಳ್ಳೆಯ ಪ್ರಶ್ನೆಯನ್ನೇ ಒಯ್ದಿದ್ದೆ. ಒಂದು ರೈಲು ಇಂಥ ವೇಗದಲ್ಲಿ ಇಷ್ಟು ಗಂಟೆ ಹೋದರೆ ಎಷ್ಟು ದೂರ ಹೋಗುತ್ತದೆ? ಭಾವ ಓದಿ ಕೇಳಿದರು:

"ನಿಮ್ಮ ಕ್ಲಾಸಿನಲ್ಲಿ ರೈಲು ನೋಡಿದವರು ಯಾರುಂಟು?"

"ಯಾರೂ ಇಲ್ಲ."

"ಹಾಗಾದರೆ ಉತ್ತರ ತಪ್ಪಿದರೆ ಗುಣಾಕಾರ ಬಾರದ್ದಾ, ರೈಲು ಗೊತ್ತಿಲ್ಲದ್ದಾ? ನಿಮಗೆ ಹೇಗೆ ತಿಳಿಯುತ್ತದೆ?"

ಲೀನಾ ಟೀಚರ್ ರೈಲನ್ನು ತೆಗೆದು ಮೂಡಬಿದ್ರೆಯ ಬಸ್ಸನ್ನು ಹಾಕಿದರು. "ನಮ್ಮ ಬಸ್ಸಿಗೆ ವೇಗ ಅಂತ ಒಂದು ಉಂಟಾ ಟೀಚರೇ?" ಎಂದು ಪಂಡಿತರು ಕೇಳಿದರು.

ಪ್ರಶ್ನೆ ತಯಾರಾದ ಮೇಲೆ ಭಾವ ಇನ್ನೊಂದು ವರಸೆ ತೆಗೆದರು. ಮಕ್ಕಳಿಗೆ ಕೊಡುವ ಮೊದಲು ನಾವೇ ಬರೆದು ನೋಡಬೇಕಂತೆ. ಅದೂ ಮಕ್ಕಳ ಬೆಂಚಿನಲ್ಲಿ ಕೂತು! ಪಂಡಿತರ ಮೊಣಕಾಲು ಅವರ ಗಲ್ಲಕ್ಕೆ ತಾಗುತ್ತಿತ್ತು. ಎರಡನೆಯ ಲೆಕ್ಕದಲ್ಲಿ ನಾನು ಸಿಕ್ಕಿಬಿದ್ದೆ. ಕುತ್ತಿಗೆ ತಾನಾಗಿಯೇ ಲೀನಾ ಟೀಚರ ಹಾಳೆಯ ಕಡೆ ಹೊರಳಿತು.

"ಮಾಷ್ಟ್ರೇ, ನನ್ನದು ಯಾಕೆ ನೋಡ್ತೀರಿ? ಇದಕ್ಕೆ ಮಾರ್ಕಿಲ್ಲ!"

"ಗೊತ್ತುಂಟು ಟೀಚರೇ. ಅಭ್ಯಾಸ."

ಭಾವ ಎದ್ದು ಕುಣಿದೇ ಬಿಟ್ಟರು! "ಕಂಡಿರಾ? ಮಾರ್ಕಿಲ್ಲದ ಕಡೆಯೂ ಕಾಪಿ! ನಮಗೇ ಇಷ್ಟು ಹೆದರಿಕೆ ಇದ್ದರೆ ಮಕ್ಕಳಿಗೆ ಎಷ್ಟಿರಬೇಡ!" ಅವರಿಗೆ ಅದೊಂದು ಹೊಸ ವಿಷಯ. ನನಗೆ ಮರ್ಯಾದೆಯ ವಿಷಯ. ಬಸ್ಸಿನಲ್ಲಿ ಮನೆಯವರೆಗೂ ಹಲ್ಲು ಕಡಿಯುತ್ತ ಬಂದೆ.

ಹಾಳೆಗಳನ್ನು ತಂದ ಮೇಲೆ ಅವನ್ನು ಬೆಂಚಿನ ಮೇಲೆ ಮೂರು ರಾಶಿ ಮಾಡುವ ಕ್ರಮ. ಲೆಕ್ಕ ಬಂದವರದು ಒಂದು, ಅರ್ಧ ಬಂದವರದು ಒಂದು, ಬಾರದವರದು ಒಂದು. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ತೆಂಗಿನ ಗೆರಟೆ. ಬಾರದವರ ರಾಶಿ ನೋಡಿ, ಎಲ್ಲಿ ತಪ್ಪಿದ್ದಾರೆಂದು ನಾಲ್ವರೂ ಸೇರಿ ಹುಡುಕಿ, ಸೋಮವಾರ ಅಷ್ಟನ್ನೇ ಬೇರೆ ರೀತಿಯಲ್ಲಿ ಕಲಿಸಬೇಕು. ಲೀನಾ ಟೀಚರ ಮೂರನೆಯ ರಾಶಿ ವಾರವಾರಕ್ಕೂ ಕರಗಿತು. ಪಂಡಿತರದ್ದೂ ಇಳಿಯಿತು. ನನ್ನದರ ಮೇಲೆ ಮಾತ್ರ ಗೆರಟೆ ಗೋಪುರದ ಕಲಶದಂತೆ ಎತ್ತರದಲ್ಲಿ ಕೂತಿರುತ್ತಿತ್ತು!

"ಇದು ಮಕ್ಕಳ ಪರೀಕ್ಷೆ ಅಲ್ಲ, ನಮ್ಮದು" ಎಂದು ಭಾವ ಆಗಾಗ ಹೇಳುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ನನಗೆ ಅದು ಎಲ್ಲಿ ಚುಚ್ಚಬೇಕೋ ಅಲ್ಲಿಗೇ ಚುಚ್ಚುತ್ತಿತ್ತು.

ಆ ಮೂರನೆಯ ರಾಶಿಯ ಖಾಯಂ ಸದಸ್ಯೆ ಗುಲಾಬಿ. ಏಳನೆಯಲ್ಲಿ ಒಮ್ಮೆ ಫೇಲಾಗಿದ್ದಳು. ಅವಳ ತಾಯಿ ಮನೆಯಲ್ಲಿ ಬೀಡಿ ಕಟ್ಟುವವರು. ಶಾಲೆಗೆ ಬಂದು ಹೇಳಿ ಹೋಗಿದ್ದರು: "ಮಾಷ್ಟ್ರೇ, ಈ ಸರ್ತಿಯೂ ಫೇಲಾದರೆ ಬೀಡಿಯ ಮೊರ ಮಡಿಲಿಗೆ ಕೊಟ್ಟು ಕೂರಿಸ್ತೇನೆ. ಮತ್ತೆ ನನ್ನಲ್ಲಿ ಮಾತಿಲ್ಲ." ಈ ಸಂಗತಿಯನ್ನು ನಾನೇ ಒಂದು ಶನಿವಾರ ಬಾಯಿ ತಪ್ಪಿ ಹೇಳಿಬಿಟ್ಟೆ. ಅಂದಿನಿಂದ ಭಾವ ನನ್ನನ್ನು ಕಂಡ ಕೂಡಲೇ ತಂಗಿಯ ಕ್ಷೇಮ ಕೇಳುವುದನ್ನು ಬಿಟ್ಟರು. "ಗುಲಾಬಿಗೆ ಭಾಗಾಕಾರ ಬಂತಾ?" ಎನ್ನುತ್ತಿದ್ದರು.

ಬರಲಿಲ್ಲ. ಬರಿಸುವಷ್ಟು ತಾಳ್ಮೆ ನನಗಿರಲಿಲ್ಲ. ಆಮೇಲೆ ನಾನು ಮಾಡಿದ್ದನ್ನು ಯಾವ ಹುಡುಗನೂ ಮಾಡಲಾರ. ಪ್ರಶ್ನೆಯನ್ನು ಬೋರ್ಡಿನಲ್ಲಿ ಬರೆದು, ಅದರ ಕೆಳಗೆ ಉತ್ತರವನ್ನೂ ಬರೆದೆ! ಬಾಗಿಲು ಹಾಕಿಕೊಂಡು, ನನ್ನ ಕ್ಲಾಸಿಗೆ ನಾನೇ ಕಾಪಿ ಮಾಡಿಸಿದೆ. ಮಾರ್ಕಿಲ್ಲದ ಪರೀಕ್ಷೆಯಲ್ಲಿ!

ಕಳ್ಳತನಕ್ಕೂ ಸ್ವಲ್ಪ ಲೆಕ್ಕ ಬರಬೇಕು. ಆರುನೂರ ಹನ್ನೆರಡನ್ನು ಆರರಿಂದ ಭಾಗಿಸಬೇಕಿತ್ತು. ಅವಸರದಲ್ಲಿ ನಡುವಿನ ಸೊನ್ನೆ ಬಿಟ್ಟು ಹನ್ನೆರಡು ಎಂದು ಬರೆದುಬಿಟ್ಟೆ. ಶನಿವಾರ ಹಾಳೆ ಹರಡಿದರೆ ಕ್ಲಾಸಿಗೆ ಕ್ಲಾಸೇ ಹನ್ನೆರಡು!

"ಮಾಷ್ಟ್ರೇ, ಎಲ್ಲರೂ ಹನ್ನೆರಡಾ?" ಲೀನಾ ಟೀಚರ್ ಹುಬ್ಬು ಎತ್ತಿದರು.

"ನಿಮ್ಮ ಮಕ್ಕಳಲ್ಲಿ ಒಗ್ಗಟ್ಟು ಜೋರುಂಟು" ಎಂದರು ಪಂಡಿತರು.

ಭಾವ ಮಾತ್ರ ಕುಣಿದರು. "ಸೊನ್ನೆ! ಇವರಿಗೆಲ್ಲ ಸೊನ್ನೆಯೇ ಗೊತ್ತಾಗಿಲ್ಲ!" ಆ ಇಡೀ ಮಧ್ಯಾಹ್ನ ನಾಲ್ವರೂ ನನ್ನ ಮಕ್ಕಳಿಗೆ ಸೊನ್ನೆ ಕಲಿಸುವ ಉಪಾಯ ಹುಡುಕಿದೆವು. ಖಾಲಿ ಗೆರಟೆಯೇ ಸೊನ್ನೆ, ಅದನ್ನು ಹತ್ತರ ಜಾಗದಲ್ಲಿ ಇಡುವುದು ಎಂದೆಲ್ಲ ಯೋಜನೆಯಾಯಿತು. ಇಲ್ಲದ ರೋಗಕ್ಕೆ ಮೂವರು ವೈದ್ಯರು ಬೆವರು ಸುರಿಸಿ ಮದ್ದು ಅರೆಯುತ್ತಿದ್ದರು, ನಾನು ಕೂತು ತಲೆ ಆಡಿಸುತ್ತಿದ್ದೆ. ನನಗೆ ಆಗ ಬಂದ ಸಿಟ್ಟು ಯಾರ ಮೇಲೆ ಗೊತ್ತೇ? ಭಾವನ ಮೇಲೆ! ಇಷ್ಟು ನಂಬುವುದುಂಟೇ ಒಬ್ಬ ಮನುಷ್ಯ!

ಮುಂದಿನ ವಾರದಿಂದ ಜಾಗ್ರತೆಯಾದೆ. ಇಂಥವರು ಸರಿ ಬರೆಯಿರಿ, ಇಂಥವರು ಅರ್ಧ ಬರೆಯಿರಿ, ಹಿಂದಿನ ಬೆಂಚಿನವರು ಹೀಗೆ ತಪ್ಪಿ ಎಂದು ಹಂಚಿಕೊಟ್ಟೆ. ನಂಬುವಂಥ ತಪ್ಪನ್ನು ತಯಾರಿಸುವುದು ಎಷ್ಟು ಕಷ್ಟವೆಂದು ಮಾಡಿದವನಿಗೇ ಗೊತ್ತು. ಆ ಶ್ರಮದಲ್ಲಿ ಅರ್ಧ ಹಾಕಿದ್ದರೆ ಮಕ್ಕಳಿಗೆ ಲೆಕ್ಕ ಕಲಿಸಿ ಆಗುತ್ತಿತ್ತು! ಗುಲಾಬಿಯನ್ನು ಬಂದವರ ರಾಶಿಗೆ ಹಾಕಿದೆ. ಭಾವನ ಆ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಬೇಕಿತ್ತು ನನಗೆ.

ಅವಳ ಹಾಳೆಯನ್ನು ನೋಡಿ ಭಾವ ಕುಣಿಯಲಿಲ್ಲ. ಸುಮ್ಮನೆ ಕಣ್ಣು ಒರೆಸಿಕೊಂಡರು. ಆಮೇಲೆ ನಮ್ಮೆಲ್ಲರನ್ನೂ ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ತಿನ್ನಿಸಿದರು. ಬಿಸಿಬಿಸಿ ಗೋಳಿಬಜೆ. ನಾನು ತಿಂದೆ. ಇನ್ನೊಂದು ಪ್ಲೇಟು ಕೇಳಿಯೂ ತಿಂದೆ.

ಬಂದವರ ರಾಶಿಗೆ ಸೇರಿದ ಮೇಲೆ ಸೋಮವಾರದ ಕಲಿಕೆ ಗುಲಾಬಿಗೆ ಬೇಡ ಎಂದಾಯಿತು. ಪಬ್ಲಿಕ್ ಪರೀಕ್ಷೆಯಲ್ಲಿ ಅವಳ ಎದುರು ಬೋರ್ಡೂ ಇರಲಿಲ್ಲ, ನಾನೂ ಇರಲಿಲ್ಲ. ಲೆಕ್ಕದಲ್ಲಿ ಫೇಲು.

ಫಲಿತಾಂಶ ಬಂದ ಶನಿವಾರ ಭಾವನ ಶಾಲೆಗೆ ಹೋದೆ. ಇವತ್ತು ಸಿಕ್ಕಿಬೀಳುವುದು ಖಂಡಿತ ಎಂದುಕೊಂಡೇ ಹೋಗಿದ್ದೆ. ಭಾವ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಇನ್ನು ಶನಿವಾರ ಯಾರೂ ಬರುವುದು ಬೇಡ" ಎಂದರು. "ತಪ್ಪು ನನ್ನದು. ನನ್ನ ಪ್ರಶ್ನೆಯೇ ಸರಿ ಇರಲಿಲ್ಲ. ಬಾರದ ಮಗುವನ್ನು ಬಂದದ್ದು ಅಂತ ತೋರಿಸಿತು. ಅದನ್ನು ನಂಬಿ ನಾವು ಅವಳನ್ನು ಬಿಟ್ಟೆವು. ಆ ಹುಡುಗಿಯನ್ನು ಬೀಡಿಗೆ ಕೂರಿಸಿದ್ದು ನಾನು."

"ಒಬ್ಬಳಿಗಾಗಿ ಎಲ್ಲ ನಿಲ್ಲಿಸುವುದಾ ಸರ್? ನನ್ನ ಮಕ್ಕಳು ಎಷ್ಟು ಮೇಲೆ ಬಂದಿದ್ದಾರೆ!" ಎಂದರು ಲೀನಾ ಟೀಚರ್.

"ಸುಳ್ಳು ಹೇಳುವ ಪ್ರಶ್ನೆ ಇನ್ನು ಯಾವ ಮಗುವಿಗೂ ಬೇಡ ಟೀಚರೇ."

ನಾನು ಬಚಾವಾಗಿದ್ದೆ! ಎದ್ದು ಬಸ್ಸಿಗೆ ಹೋದರೆ ಮುಗಿಯಿತು. ಹಾಗಿರುವಾಗ ನನಗೆ ಉರಿದುಹೋಯಿತು. ಜೀವಮಾನದಲ್ಲಿ ಅಂಥ ಸಿಟ್ಟು ಬಂದಿಲ್ಲ. ಎರಡು ಮಾತು ಬೈದು ಕೇಳಬಾರದೇ ಇವರಿಗೆ? ಒಮ್ಮೆಯಾದರೂ ನನ್ನ ಮೇಲೆ ಸಂಶಯಪಡಬಾರದೇ?

"ಪ್ರಶ್ನೆ ಸರಿಯೇ ಉಂಟು!" ಎಂದು ಕಿರುಚಿದೆ. "ಸುಳ್ಳು ಹೇಳಿದ್ದು ನಾನು! ಉತ್ತರ ನಾನೇ ಬೋರ್ಡಿನಲ್ಲಿ ಬರೆದುಕೊಟ್ಟದ್ದು! ಹನ್ನೆರಡೂ ನನ್ನದೇ, ಗುಲಾಬಿಯ ಸರಿ ಉತ್ತರವೂ ನನ್ನದೇ! ನಿಮಗೆ ಕಣ್ಣಿಲ್ಲವಾ ಭಾವ? ಮನುಷ್ಯ ಇಷ್ಟು ಪೆದ್ದನಾಗಿರಬಾರದು!"

ತಪ್ಪೊಪ್ಪಿಕೊಳ್ಳುವಾಗ ಎದುರಿನವರನ್ನು ಪೆದ್ದ ಎಂದು ಬೈದವನು ಈ ಮೂರು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಪಂಡಿತರು ಕಿಟಕಿಯ ಹೊರಗೆ ನೋಡಿದರು. ಲೀನಾ ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭಾವ ಕೇಳಿದ್ದು ಇಷ್ಟೇ:

"ಅವಳ ಮನೆ ನಿಮಗೆ ಗೊತ್ತುಂಟಲ್ಲ? ನಾಳೆ ಆದಿತ್ಯವಾರ. ಹೋಗುವ."

ಗುಲಾಬಿಯ ತಾಯಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಪಕ್ಕದಲ್ಲಿ ಗುಲಾಬಿ, ಅವಳ ಮಡಿಲಲ್ಲಿ ಹೊಸ ಮೊರ. ಅವಳನ್ನು ಶಾಲೆಗೆ ಕಳಿಸಿ ಎಂದೆ. ಅವರು ಕತ್ತೆತ್ತಲಿಲ್ಲ. ಕೊನೆಗೆ, "ಅಕ್ಕ, ಫೇಲಾದದ್ದು ಅವಳಲ್ಲ, ನಾನು" ಎಂದೆ.

"ಹೌದಾ ಮಾಷ್ಟ್ರೇ?" ಆಗ ಕತ್ತೆತ್ತಿದರು. "ನಮ್ಮಲ್ಲಿ ಫೇಲಾದವರು ಬೀಡಿಗೆ ಕೂರುವುದು. ಹಾಗಾದರೆ ನೀವು ಕೂತುಕೊಳ್ಳಿ, ಅವಳು ಹೋಗಲಿ!"

ಭಾವ ಚಪ್ಪಲಿ ಕಳಚಿ ಜಗಲಿ ಹತ್ತಿದರು. ಚಾಪೆಯ ಮೇಲೆ ಕೂತು, ಗುಲಾಬಿಯ ಮಡಿಲಿನ ಮೊರವನ್ನು ತನ್ನ ಮಡಿಲಿಗೆ ಎಳೆದುಕೊಂಡರು.

"ಎಲೆ ಹೇಗೆ ಕತ್ತರಿಸುವುದು, ಒಮ್ಮೆ ತೋರಿಸಿ ಅಕ್ಕ" ಎಂದರು. ನನ್ನ ಕಡೆ ತಿರುಗಿ, "ನೀವು ಎಂತ ನಿಂತದ್ದು? ನಿಮ್ಮ ಕೆಲಸ ಮಾಡಿ" ಎಂದರು.

ಆ ಬೇಸಿಗೆ ರಜೆ ಪೂರ್ತಿ ನಾನು ಗುಲಾಬಿಗೆ ಲೆಕ್ಕ ಕಲಿಸಿದೆ, ಪಕ್ಕದಲ್ಲಿ ಒಬ್ಬ ಹೆಡ್ಮಾಸ್ಟರ್ ಬೀಡಿ ಎಲೆ ಕತ್ತರಿಸಿದರು. ಮೊದಮೊದಲು ಸುರುಟಲೂ ನೋಡಿದರು. "ಇದನ್ನು ಸೇದಿದವನು ಕೆಮ್ಮುವುದಿಲ್ಲ ಮಾಷ್ಟ್ರೇ, ನಗಾಡ್ತಾನೆ" ಎಂದು ಗುಲಾಬಿಯ ತಾಯಿ ಅವರನ್ನು ಕತ್ತರಿಗೇ ಇಳಿಸಿದರು.

ಜೂನಿನಲ್ಲಿ ಗುಲಾಬಿ ಶಾಲೆಗೆ ಬಂದಳು, ಆ ವರ್ಷ ಪಾಸೂ ಆದಳು. ಭಾವ ಶನಿವಾರದ ಸಭೆಯನ್ನು ಮತ್ತೆ ಕರೆದರು. ನನ್ನನ್ನು ಒಂದು ಸಲವೂ ಬೈಯಲಿಲ್ಲ. ಬೈಯದೆಯೇ ಹೋಗಿಬಿಟ್ಟರು. ನನ್ನ ಸಿಟ್ಟು ಅದಕ್ಕೆ.

ಆ ಜಗಲಿಯ ಮೊದಲ ದಿನಗಳನ್ನು ಈಗಲೂ ನೆನೆಯುತ್ತೇನೆ. ಲೆಕ್ಕ ಬರೆದು ಸ್ಲೇಟು ಕೊಟ್ಟರೆ ಗುಲಾಬಿ ಸ್ಲೇಟನ್ನು ನೋಡುತ್ತಿರಲಿಲ್ಲ. ನನ್ನ ಕೈಯನ್ನು ನೋಡುತ್ತ ಕೂರುತ್ತಿದ್ದಳು. ಉತ್ತರ ಯಾವಾಗ ಬರೆದುಕೊಡುತ್ತೇನೆ ಎಂದು ಕಾಯುತ್ತಿದ್ದಳು. ನಾನು ಕಲಿಸಿದ್ದನ್ನು ಚೆನ್ನಾಗಿ ಕಲಿತಿದ್ದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವಳು ಕಾದಳು, ನಾನೂ ಕಾದೆ. ಹೀಗೇ ಎಷ್ಟೋ ದಿನ.

ಒಂದು ಬೆಳಿಗ್ಗೆ ಅವಳು ಸ್ಲೇಟನ್ನು ನನ್ನ ಕಡೆ ನೂಕಿದಳು.

"ಸರ್, ಇದು ನನಗೆ ಬರುವುದಿಲ್ಲ" ಎಂದಳು. ಸಿಟ್ಟಿನಿಂದಲೇ ಅಂದಳು, ಕಣ್ಣಲ್ಲಿ ನೀರಿತ್ತು.

ಭಾವನ ಕತ್ತರಿ ನಿಂತಿತು.

"ಎಲ್ಲಿಂದ ಬರುವುದಿಲ್ಲ ಮಗಾ?" ಎಂದು ಕೇಳಿದೆ.

ಅವಳು ಬೆರಳಿಟ್ಟು ತೋರಿಸಿದಳು.