ಹನ್ನೊಂದು ಗೆಲುವಿನ ಕೊಳೆ

ಮೈರಾನ್ ಹಲಿಕ್‌ಗೆ ಆಡುವ ಅವಕಾಶ ಇರಲಿಲ್ಲ. ಸ್ಕೇಟು ಇತ್ತು, ಕೋಲು ಇತ್ತು, ಊರಿನ ಐಸ್ ಹಾಕಿ ತಂಡದ ಪಟ್ಟಿಯಲ್ಲಿ ಹೆಸರೂ ಇತ್ತು. ಆದರೆ ಅವನ ಕೆಲಸ ಬೆಂಚಿನ ಮೇಲೆ ಕೂತು ಉಳಿದವರ ನೀರಿನ ಬಾಟಲಿ ಕಾಯುವುದು. ಇಡೀ ಚಳಿಗಾಲದಲ್ಲಿ ಅವನು ಮಂಜುಗಡ್ಡೆಯ ಮೇಲೆ ಇದ್ದದ್ದು ಒಂಬತ್ತು ನಿಮಿಷ. ಅದರಲ್ಲಿ ಎರಡು ನಿಮಿಷ ಬಿದ್ದುಕೊಂಡಿದ್ದ.

ಅಂಥವನಿಗೆ ಫೈನಲ್ ದಿನ ಅದೃಷ್ಟ ಖುಲಾಯಿಸಿತು. ತಂಡದ ಮೂವರು ಜ್ವರ ಹಿಡಿದು ಮಲಗಿದರು. ಬೆಳಗಿನ ಅಭ್ಯಾಸ ಮುಗಿದ ಮೇಲೆ ಕ್ಯಾಪ್ಟನ್ ಡೆಲ್ಬರ್ಟ್ ಫ್ರೀಸನ್ ಅವನ ಹೆಗಲ ಮೇಲೆ ಕೈಹಾಕಿದ.

“ಸಂಜೆ ನೀನೂ ಆಡ್ತೀಯ ಕಣೋ. ಬೇರೆ ಯಾರೂ ಇಲ್ಲ.”

ಎರಡನೆಯ ಮಾತು ಮೈರಾನ್‌ನ ಕಿವಿಗೆ ಬೀಳಲೇ ಇಲ್ಲ.

“ಹಾಗೇ ಇದನ್ನ ಮನೆಗೆ ಒಯ್ದು ಚಾರ್ಜ್ ಮಾಡ್ಕೊಂಡು ಬಾ. ಅಷ್ಟು ಸಾಕು,” ಎಂದು ಡೆಲ್ಬರ್ಟ್ ತಂಡದ ಮಸಾಜ್ ಗನ್ನನ್ನು ಅವನ ಕೈಗೆ ತುರುಕಿದ.

ಅಭ್ಯಾಸ ಮುಗಿದಾಗಲೆಲ್ಲ ಹತ್ತು ಜನ ಸರದಿಯ ಮೇಲೆ ತೊಡೆಗೆ, ಬೆನ್ನಿಗೆ, ಹೇಳಬಾರದ ಜಾಗಕ್ಕೂ ಒತ್ತಿಕೊಳ್ಳುತ್ತಿದ್ದ, ಗಡಗಡ ಅದುರಿ ಸ್ನಾಯು ಸಡಿಲಿಸುವ ಯಂತ್ರ ಅದು. ತುದಿಯ ಸ್ಪಂಜಿನ ಉಂಡೆ ಕಾವಲಿಯ ತಳದಂತೆ ಕಪ್ಪಾಗಿತ್ತು. ಹಿಡಿ ಮುಟ್ಟಿದರೆ ಕೈ ಅಂಟುತ್ತಿತ್ತು. ಗಾಳಿಯಾಡುವ ತೂತುಗಳ ತುಂಬ ಕೂದಲು.

“ಅದನ್ನ ನನ್ನ ಅಡುಗೆಮನೆ ಮೇಜಿನ ಮೇಲೆ ಇಟ್ಟರೆ ನಿನ್ನನ್ನೂ ಅದನ್ನೂ ಒಟ್ಟಿಗೆ ಹಿಮದಲ್ಲಿ ಹೂತುಬಿಡ್ತೀನಿ,” ಎಂದಳು ಹೆಂಡತಿ ಕೊರಿನ್.

ಮೈರಾನ್ ಗ್ಯಾರೇಜಿನಲ್ಲಿ ಕೂತ. ಆಡಲು ಕರೆದವರಿಗೆ ಒಂದು ಉಪಕಾರ ಮಾಡೋಣ ಎನಿಸಿತು. ತುದಿಯನ್ನು ಬಿಚ್ಚಿ ಸಾಬೂನು ನೀರಿನಲ್ಲಿ ಹಿಂಡಿದ. ನೀರು ಮೂರು ಸಲ ಕಪ್ಪಾಯಿತು. ಯಂತ್ರದ ಒಳಕ್ಕೆ ನೀರು ಹೋಗದಂತೆ, ಅದರ ಮೈಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಸವರಿದ. ಹಿಡಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೂತುಗಳ ಕೂದಲೆಲ್ಲ ಕೆದಕಿ ತೆಗೆದ. ಪೂರ್ತಿ ಆರಿದ ಮೇಲೆಯೇ ಚಾರ್ಜಿಗೆ ಹಾಕಿದ. ಮದುವೆಗೆ ಹೊರಟ ಗಂಡಿನಂತೆ ಅದು ಥಳಥಳ ಹೊಳೆಯಿತು.

ಮೂರು ಗಂಟೆಗೆ ಗೋಲ್‌ಕೀಪರ್ ಟ್ಯಾಗರ್ಟ್ ಅವನನ್ನು ಕರೆದೊಯ್ಯಲು ಬಂದ. ಯಂತ್ರ ನೋಡಿದವನೇ ಬಾಗಿಲು ಹಿಡಿದು ನಿಂತ.

“ತೊಳೆದ್ಯಾ?”

“ಹೂಂ, ಹೇಗಿದೆ?”

“ಅಯ್ಯೋ ಪಾಪಿ! ನಾಕೌಟ್ ನಡೀತಿರೋವಾಗ ತೊಳೆದ್ಯಾ?”

ನಾಕೌಟ್ ಶುರುವಾದ ಮೇಲೆ ಗೆಲ್ಲುತ್ತಿರುವ ತಂಡದವರು ಗಡ್ಡ ಬೋಳಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ; ಒಗೆದರೆ ಅದೃಷ್ಟವೂ ತೊಳೆದುಹೋಗುತ್ತದೆ ಎಂಬ ನಂಬಿಕೆ. ಇದು ಮೈರಾನ್‌ಗೂ ಗೊತ್ತಿತ್ತು. ಅವನ ಕಾಲುಚೀಲಗಳು ಆಗಲೇ ಗ್ಯಾರೇಜಿನ ಮೂಲೆಯಲ್ಲಿ ತಾವಾಗಿಯೇ ನಿಲ್ಲುತ್ತಿದ್ದವು.

“ಅದು ಯಂತ್ರ ಮಾರಾಯ! ಯಂತ್ರಕ್ಕೇನು ಗಡ್ಡ ಬರುತ್ತಾ?”

“ಬಂದಿತ್ತು! ಆ ತೂತುಗಳಲ್ಲಿ ಬಂದಿತ್ತು! ನೀನು ಬೋಳಿಸಿಬಿಟ್ಟೆ! ಹನ್ನೊಂದು ಗೆಲುವಿನ ಕೊಳೆ ಕಣೋ ಅದು! ಡೆಲ್ಬರ್ಟ್‌ಗೆ ಗೊತ್ತಾದರೆ ನಿನ್ನನ್ನ ಮಂಜುಗಡ್ಡೆ ಮೇಲೆ ಕಾಲಿಡೋಕೂ ಬಿಡಲ್ಲ.”

ಹೋದ ಕೊಳೆಯನ್ನು ಮತ್ತೆ ಹಿಡಿಸಲೇಬೇಕಾಯಿತು. ಪಂದ್ಯಕ್ಕೆ ಉಳಿದದ್ದು ಎರಡೇ ಗಂಟೆ. ಟ್ಯಾಗರ್ಟ್ ಕೋಟು ಬಿಚ್ಚಿ, ಯಂತ್ರವನ್ನು ಕಂಕುಳಿಗೆ ಒತ್ತಿ ಹತ್ತು ನಿಮಿಷ ನಡುಗಿದ. ಹಲ್ಲು ಕಟಕಟ ಎಂದದ್ದು ಬಿಟ್ಟರೆ ಸ್ಪಂಜಿಗೆ ಏನೂ ಆಗಲಿಲ್ಲ.

ಗದ್ದಲ ಕೇಳಿ ಪಕ್ಕದ ಮನೆಯ ಮುದುಕ ಪಶ್ನಿಕ್ ಬಂದ. ಕರೆಯದೆ ಬರುವುದು ಅವನ ನಿವೃತ್ತಿಯ ಕಸುಬು.

“ಬೆವರಿನಲ್ಲಿ ಎಲ್ಲಿ ಆಗುತ್ತೆ ಹುಡುಗರಾ? ಕೊಳೆ ಹಿಡಿಯೋಕೆ ಜಿಡ್ಡು ಬೇಕು,” ಎಂದು ಹಂದಿಕೊಬ್ಬಿನ ಡಬ್ಬಿ ತಂದ. ಜೊತೆಗೆ ನಾಯಿಯನ್ನೂ ತಂದ. “ಕೂದಲಿಗೆ ಇವನು.”

“ತಾತ, ಇದು ಸರಿಹೋಗಲ್ಲ,” ಎಂದ ಮೈರಾನ್.

“ನಲವತ್ತು ವರ್ಷ ಟ್ರ್ಯಾಕ್ಟರು ರಿಪೇರಿ ಮಾಡಿದೀನಿ. ನನಗೆ ಕೊಳೆ ಹೇಳಿಕೊಡ್ತೀಯ?”

ಕೊಬ್ಬು ಸವರಿದರು, ನಾಯಿಯ ಬೆನ್ನ ಮೇಲೆ ಹೊರಳಿಸಿದರು, ಮೇಲೆ ಒಲೆಯ ಮಸಿ ಉದುರಿಸಿದರು. ಕೊರಿನ್ ಬಂದು ನೋಡಿದಳು. “ಬೆಳಗ್ಗೆ ತೊಳೆಯೋದು, ಮಧ್ಯಾಹ್ನ ಹೊಲಸು ಮಾಡೋದು. ಇದಕ್ಕೇನಾ ನೀನು ರಜೆ ಹಾಕಿದ್ದು?” ಎಂದು ಒಳಗೆ ಹೋದಳು.

ಕ್ರೀಡಾಂಗಣದಲ್ಲಿ ಡೆಲ್ಬರ್ಟ್ ಯಂತ್ರವನ್ನು ತೊಡೆಗಿಟ್ಟ. ನಿಲ್ಲಿಸಿದ. ಮೂಸಿದ.

“ಇದು ನಮ್ಮ ವಾಸನೆ ಅಲ್ಲ.”

ಮತ್ತೊಮ್ಮೆ ಮೂಸಿದ.

“ಇದರಲ್ಲಿ ನಾಯಿ ಇದೆ,” ಎಂದ ಡೆಲ್ಬರ್ಟ್.

ಮೈರಾನ್ ಒಪ್ಪಿಕೊಂಡ. ಡೆಲ್ಬರ್ಟ್ ಬೈಯಲೂ ಇಲ್ಲ; ಬೆಂಚಿನ ತುದಿ ತೋರಿಸಿದ. “ಅಲ್ಲಿ ಕೂತ್ಕೋ. ನಾನು ಹೇಳೋ ತನಕ ಏಳಬೇಡ.”

ಮೊದಲ ಅವಧಿಯಲ್ಲೇ ಎದುರಾಳಿಗಳು ಮೂರು ಗೋಲು ಹೊಡೆದರು. ಪ್ರತಿ ಗೋಲಿಗೂ ಇಡೀ ಬೆಂಚು ಮೈರಾನ್‌ನ ಕಡೆ ತಿರುಗಿತು. ಡೆಲ್ಬರ್ಟ್‌ನ ಮೀನಖಂಡ ಹಿಡಿದುಕೊಂಡಿತು. ಮಸಾಜ್ ಗನ್ ಒತ್ತಿದರೆ ಅದು ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಕೊಬ್ಬು, ಕೂದಲು ತೂತುಗಳೊಳಗೆ ಗಟ್ಟಿಯಾಗಿ ಕೂತಿದ್ದವು.

“ಕೆಡಿಸಿದವನು ನೀನು, ನೀನೇ ಸರಿಮಾಡು!” ಎಂದು ಮೈರಾನ್‌ನ ಮಡಿಲಿಗೆ ಎಸೆದು, ಡೆಲ್ಬರ್ಟ್ ಕುಂಟುತ್ತಲೇ ಆಟಕ್ಕೆ ಮರಳಿದ.

ಮೈರಾನ್ ಹಲ್ಲು ಕಚ್ಚಿಕೊಂಡು ಎರಡೂ ಹೆಬ್ಬೆರಳ ಉಗುರಿನಿಂದ ಕೆದಕಿದ, ಸ್ವಂತ ಟವೆಲಿನಿಂದ ಒರೆಸಿದ. ಒಂದು ಗೋಲು ಬಿತ್ತು. ಎದುರಾಳಿಗಳದ್ದಲ್ಲ, ಇವರದ್ದು. ಇನ್ನೆರಡು ತೂತು ಬಿಡಿಸುವಷ್ಟರಲ್ಲಿ ಇನ್ನೊಂದು. ಕೈ ಸೋತು, ಬೆರಳು ಚೀಪಲು ಒಂದು ಗಳಿಗೆ ನಿಲ್ಲಿಸಿದ. ಎದುರಾಳಿಗಳು ಹೊಡೆದರು.

ಡೆಲ್ಬರ್ಟ್ ಮಂಜುಗಡ್ಡೆಯ ನಡುವಿನಿಂದಲೇ ಕೂಗಿದ: “ನಿಲ್ಲಿಸಬೇಡ್ವೋ! ಒರೆಸ್ತಾ ಇರು!”

“ಯಂತ್ರ ಸರಿಯಾಯ್ತು ಕಣೋ, ಓಡ್ತಿದೆ!”

“ಯಂತ್ರ ಹಾಳಾಗಿ ಹೋಗ್ಲಿ! ಒರೆಸು!”

ಒರೆಸಿದ. ಮೂರಾಯಿತು, ನಾಲ್ಕಾಯಿತು. ನಾಲ್ಕು ನಾಲ್ಕು ಸಮ.

ಕೊನೆಯ ಹನ್ನೆರಡು ನಿಮಿಷ ಉಳಿದಿತ್ತು. ಒಬ್ಬನ ಕಣಕಾಲು ಉಳುಕಿತು. ಇನ್ನೊಬ್ಬ ಜ್ವರದ ಹೊಸ ಗಿರಾಕಿ, ಬಕೆಟ್ಟಿಗೆ ಬಾಗಿದ. ಗೋಲ್‌ಕೀಪರ್ ಬಿಟ್ಟು ಐವರು ಆಡಬೇಕಾದಲ್ಲಿ ಉಳಿದದ್ದು ನಾಲ್ವರು. ಬೆಂಚಿನ ಮೇಲೆ ಮೈರಾನ್ ಒಬ್ಬನೇ.

ಅವನು ಟವೆಲು ಬಿಸುಟು, ಹೆಲ್ಮೆಟ್ಟು ಬಿಗಿದುಕೊಂಡು, ಬೇಲಿಯ ಮೇಲೆ ಒಂದು ಕಾಲು ಹಾಕಿದ.

ಡೆಲ್ಬರ್ಟ್ ಓಡಿಬಂದು ಆ ಕಾಲನ್ನೇ ಹಿಡಿದು ಹಿಂದಕ್ಕೆ ತಳ್ಳಿದ. “ಹುಚ್ಚು ಹಿಡಿದಿದೆಯಾ ನಿಂಗೆ? ಕೂತ್ಕೋ!”

“ನಾಲ್ಕೇ ಜನ ಇದ್ದೀರಲ್ಲೋ!”

“ನಾಲ್ಕೇ ಜನ ಆಡ್ತೀವಿ. ನೀನು ಒರೆಸು.”

ನಾಲ್ಕೇ ಜನವೇ ಎಂದು ರೆಫರಿ ಎರಡು ಸಲ ಕೇಳಿದ. ಎದುರಾಳಿಗಳು ನಕ್ಕರು. ನಾಲ್ವರು ಆಡಿದರು, ಮೈರಾನ್ ಒರೆಸಿದ. ಇಪ್ಪತ್ತು ಸೆಕೆಂಡು ಉಳಿದಿರುವಾಗ ಡೆಲ್ಬರ್ಟ್ ಐದನೆಯ ಗೋಲು ಹೊಡೆದ.

ಎಲ್ಲರೂ ಬಂದು ಮೈರಾನ್‌ನನ್ನು ಹೆಗಲ ಮೇಲೆ ಹೊತ್ತರು. ಡೆಲ್ಬರ್ಟ್‌ನ ಕಣ್ಣಲ್ಲಿ ನೀರು. “ಮುಂದಿನ ವರ್ಷ ನೀನಿಲ್ಲದೆ ನಾವು ಒಂದು ಪಂದ್ಯವನ್ನೂ ಆಡಲ್ಲ ಕಣೋ!”

ಮೈರಾನ್‌ನ ಸಿಟ್ಟೆಲ್ಲ ಇಳಿಯಿತು. “ಎಲ್ಲ ಪಂದ್ಯಕ್ಕೂ? ನಿಜವಾಗ್ಲೂ?”

“ಒಂದೂ ಬಿಡದೆ. ಈಗ ಆ ಜೆರ್ಸಿ ಬಿಚ್ಚಿಕೊಡು. ಒರೆಸೋನಿಗೆ ಅದ್ಯಾಕೆ? ಮುಂದಿನ ವರ್ಷ ಅದನ್ನ ಹಾಕ್ಕೊಂಡು ಆಡೋಕೆ ನನ್ನ ಬಾಮೈದ ಬರ್ತಾನೆ.”

ಆ ದಿನ ಮೈರಾನ್ ಕಳೆದುಕೊಂಡದ್ದು: ಟವೆಲು ಒಂದು, ಹೆಬ್ಬೆರಳಿನ ಉಗುರು ಎರಡು, ಜೆರ್ಸಿ ಒಂದು.