ಸರ್ವಭೂಚಕ್ರ ಮತ್ತು ಕಾಶೀಬಾಯಿಯ ಕಣ್ಣು

"ವೈನಿ, ಟೈರ್ ಆರಿಸೂದು ಇನ್ನ ಮ್ಯಾಲೆ ಮನಷ್ಯಾರ ಕೆಲಸ ಅಲ್ಲ! ನೆಲಾ ನೋಡಿ ಟೈರ ತನ್ನ ಹಲ್ಲು ತಾನ ಆರಿಸ್ಕೋತೈತಿ!"

ನನ್ನ ಮೈದುನ ರಾಚಪ್ಪ ಹೀಗೆ ಕೂಗಿದಾಗ ಬೆಳಗಿನ ಏಳು ಗಂಟೆ. ಅಂಗಳದಲ್ಲಿ ಅವನ ಹಳೇ ಎಸ್‌ಯುವಿ ಹೊಸ ಟೈರುಗಳ ಮೇಲೆ ನಿಂತಿತ್ತು. ಅವಕ್ಕೆ ಅವನಿಟ್ಟ ಹೆಸರು ಸರ್ವಭೂಚಕ್ರ! ನಾನು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಗೆಳತಿ ಕಾಶೀಬಾಯಿಯ ಆಸ್ಪತ್ರೆ ಕಾಗದ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ಒಂಬತ್ತನೇ ತರಗತಿಯ ಗದ್ದಲದಲ್ಲೂ ದನಿ ಏರಿಸಿದವಳಲ್ಲ. ಅವತ್ತು ಮಾತ್ರ ಬೆಳಗಿನ ಚಹಾಕ್ಕೂ ಮೊದಲೇ ಸಿಟ್ಟು ನೆತ್ತಿಗೇರಿತ್ತು.

ಯಾಕೆಂದು ಹೇಳುತ್ತೇನೆ. ಕಾಶೀಬಾಯಿಯ ಒಂದು ಕಣ್ಣು ಚಿಕ್ಕಂದಿನಲ್ಲೇ ಜಾಲಿಮುಳ್ಳು ಚುಚ್ಚಿ ಹೋಗಿತ್ತು. ಉಳಿದ ಒಂದಕ್ಕೆ ಈಗ ಪೊರೆ ಬಂದು ಬಲಿತಿತ್ತು. ವಿಜಯಪುರದ ಆಸ್ಪತ್ರೆಯವರು ಎರಡು ಸಲ ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಎರಡೂ ಸಲ ಮಳೆ ಹೊಡೆದು ಅವಳು ಹೊರಡಲಾಗಲಿಲ್ಲ. ಅವಳಿರುವುದು ಊರಿಂದ ಒಂಬತ್ತು ಕಿಲೋಮೀಟರ್ ಆಚೆಯ ತೋಟದ ವಸ್ತಿಯಲ್ಲಿ. ಕೊನೆಯ ಮೂರು ಕಿಲೋಮೀಟರ್ ಬರೀ ಎರೆಮಣ್ಣಿನ ದಾರಿ. ಒಣಗಿದರೆ ಕಲ್ಲು, ನೆನೆದರೆ ಅಂಟು. ಮೂರನೆಯ ಸಲ ಕೊಟ್ಟ ದಿನ ಅವತ್ತೇ, ಮಧ್ಯಾಹ್ನ ಒಂದು ಗಂಟೆಯೊಳಗೆ ಮುಟ್ಟಬೇಕು. ತಪ್ಪಿದರೆ ಮತ್ತೆ ಮೂರು ತಿಂಗಳ ಕತ್ತಲೆ. ಅದು ತಪ್ಪುವುದಿಲ್ಲವೆಂದು ನಾನು ಅವಳಿಗೆ ಮಾತು ಕೊಟ್ಟಿದ್ದೆ.

ಅದಕ್ಕೇ ಹದಿನೈದು ದಿನ ಮೊದಲು ರಾಚಪ್ಪನನ್ನು ಎಳೆದುಕೊಂಡು ಲಾಲಸಾಬನ ಟೈರ್ ಅಂಗಡಿಗೆ ಹೋಗಿದ್ದೆ. ಲಾಲಸಾಬ ನನಗೆ ಸ್ಟೂಲು ಒರೆಸಿ ಕೊಟ್ಟು, ಟೈರುಗಳನ್ನು ಒಂದೊಂದಾಗಿ ಉರುಳಿಸಿ ತೋರಿಸಿದ.

"ಇದು ಡಾಂಬರಿಗಷ್ಟ ಅಕ್ಕೋರ, ಕೆಸರಾಗ ಎಮ್ಮಿ ಗತೆ ಕುಂಡರತೈತಿ. ಇದು ಕೆಸರಿನ ಟೈರ್, ಡಾಂಬರ್ ಮ್ಯಾಲೆ ಹೋದ್ರ ಹಿಟ್ಟಿನ ಗಿರಣಿ ಗತೆ ಗುರ್ ಅಂತೈತಿ. ನಿಮಗ ಈ ನಡುವಿಂದು ಸಾಕ್ರಿ, ಆಲ್ ಟೆರೇನ್ ಅಂತಾರ. ಡಾಂಬರೂ ಆಗ್ತೈತಿ, ಹೊಲದ ದಾರೀನೂ ಆಗ್ತೈತಿ."

"ಎರೆಮಣ್ಣು?" ಎಂದೆ.

"ಎರಿಯೊಳಗ ಯಾವ ಟೈರೂ ದೇವರಲ್ರಿ. ಹಲ್ಲಿನ ಸಂದ್ಯಾಗ ಮಣ್ಣ ತುಂಬಿದ್ರ ಎಲ್ಲಾ ಟೈರೂ ನುಣ್ಣಗ ಆಗಿಬಿಡ್ತಾವು. ಗಾಳಿ ಅರ್ಧ ಇಳಿಸಬೇಕು, ಸಾವಕಾಶ ಹೋಗಬೇಕು, ನಡುವ ಇಳಿದು ಕೆರೀಬೇಕು."

ಅಷ್ಟು ಸರಳ, ಅಷ್ಟು ಪ್ರಾಮಾಣಿಕ ಮಾತು! ನಾನು ಆಯಿತು ಅನ್ನುವಷ್ಟರಲ್ಲಿ ರಾಚಪ್ಪ ನಕ್ಕುಬಿಟ್ಟ. "ಕೆರೀಬೇಕಂತ! ಚಂದ್ರನ ಮ್ಯಾಲೆ ಗಾಡಿ ಓಡಿಸೋ ಕಾಲದಾಗ ಕಡ್ಡಿ ತೊಗೊಂಡು ಟೈರ್ ಕೆರೀಬೇಕಂತ!" ಎಂದು ಎದ್ದು ಬಂದ. ಆಮೇಲೆ ಹದಿನೈದು ದಿನ ಹಿತ್ತಲ ಶೆಡ್ಡಿನಿಂದ ರಬ್ಬರ್ ಸುಟ್ಟ ವಾಸನೆ.

ಈಗ ಅವನು ಟೈರಿನ ಮೈ ತಟ್ಟಿದ. "ನಾನೂರು ಹಲ್ಲು, ವೈನಿ! ಕಲ್ಲಾದ್ರ ಗಟ್ಟಿ ಆಗ್ತಾವು, ಕೆಸರಾದ್ರ ಉದ್ದ ಆಗ್ತಾವು, ಡಾಂಬರಾದ್ರ ಒಳಗ ಹೋಗ್ತಾವು. ಮಣ್ಣಿನ ವಾಸನೀನೂ ಹಿಡಿತಾವು. ಗುಂಡಿ ಒತ್ತಿದಾಗ ಯಾವುದರ ಮ್ಯಾಲೆ ನಿಂತಿರ್ತಾವೋ ಅದ ಅವಕ್ಕ ಒಳ್ಳೇ ನೆಲ. ಆಮ್ಯಾಲೆ ಅಂಥಾ ನೆಲ ಎಲ್ಲೈತಿ ಅಂತ ಹುಡಿಕ್ಕೋತ ಹೋಗ್ತಾವು. ಕೆಸರಾಗ ಹುಗಿಯೂ ಮಾತ ಇಲ್ಲ!"

"ಸ್ಟೀರಿಂಗ್ ಯಾರ ಕೈಯಾಗ?"

"ಅವುಗಳ ಕೈಯಾಗ."

"ಬ್ರೇಕು?"

"ನೆಲಾ ಪಸಂದ ಬಂದ್ರ ತಾವ ನಿಲ್ತಾವು."

"ಮತ್ತ ನೀ ಯಾಕ?"

ಅವನು ಪೂಜೆಗೆ ಅಣಿಯಾದ. ಎಂಥ ವಿಜ್ಞಾನಿಯಾದರೂ ನಿಂಬೆಹಣ್ಣು ತುಳಿಸದೆ ಗಾಡಿ ಹೊರಡಿಸುವ ಧೈರ್ಯ ನಮ್ಮ ಇಂಡಿ ಸೀಮೆಯಲ್ಲಿ ಯಾರಿಗೂ ಇಲ್ಲ. ಊದಿನಕಡ್ಡಿ ಬೆಳಗಿದ, ಕಾಯಿ ಒಡೆದ. ನಾಲ್ಕು ನಿಂಬೆಹಣ್ಣುಗಳನ್ನು ನಾಲ್ಕು ಟೈರಿನಡಿ, ಸಿಪ್ಪೆ ಬಿರಿದು ರಸ ಒಸರುವ ಹಾಗೆ ಗಟ್ಟಿಯಾಗಿ ಒತ್ತಿಟ್ಟ. ಕೈಮುಗಿದ. ಆಮೇಲೆ ಒಳಗೆ ಕೂತು ಗುಂಡಿ ಒತ್ತಿದ!

ಗಾಡಿ ಮುಂದೆ ಹೋಗಿ ನಾಲ್ಕೂ ಹಣ್ಣು ಪಚಕ್ಕನೆ ತುಳಿಯಿತು. ಹಿಂದೆ ಬಂದು ಮತ್ತೆ ತುಳಿಯಿತು. ಮತ್ತೆ ಮುಂದೆ, ಮತ್ತೆ ಹಿಂದೆ. ಏಳು ಸಲ!

"ರಾಚಪ್ಪಾ, ಏನಿದು?"

"ಅಭ್ಯಾಸ ಮಾಡಾಕತ್ತೈತ್ರಿ. ಕೂಡ್ರಿ, ಕೂಡ್ರಿ!"

ನಾನು ಕೂತೆ. ಆ ದಡ್ಡತನಕ್ಕೆ ನನ್ನ ಮೇಲೂ ನನಗೆ ಇನ್ನೂ ಸಿಟ್ಟಿದೆ.

ವಸ್ತಿಗೆ ಬಲಕ್ಕೆ ಹೋಗಬೇಕು. ಗಾಡಿ ಎಡಕ್ಕೆ ತಿರುಗಿತು. ರಾಚಪ್ಪ ಸ್ಟೀರಿಂಗಿಗೆ ಜೋತುಬಿದ್ದ. ಅದು ಅವನನ್ನೇ ತಿರುಗಿಸಿತು. ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಯ ಮೂರು ಮೆಟ್ಟಿಲು ಹತ್ತಿ, ಹಿಂದಿನ ಗಾಲಿಗಳ ಮೇಲೆ ನಿಂತುಕೊಂಡು, ಮುಂದಿನ ಗಾಲಿಯನ್ನು ಬಾಗಿಲಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿಯ ಸರಕ್ಕೆ ಮೆಲ್ಲಗೆ ಮುಟ್ಟಿಸಿತು. ಆಕಳು ಮೂಸಿದ ಹಾಗೆ! ನಾವಿಬ್ಬರೂ ಬೆನ್ನ ಮೇಲೆ ಬಿದ್ದು ಆಕಾಶ ನೋಡುತ್ತಿದ್ದೆವು.

ಅಂಗಡಿಯವ ಬೈಯಲಿಲ್ಲ. ಕಿಟಕಿಯ ಹತ್ತಿರ ಸ್ಟೂಲು ಹಾಕಿ ಹತ್ತಿ, "ಅಕ್ಕೋರ, ಮುಂಜಾನೆ ಚಾ ಆಗೇತೋ ಇಲ್ರಿ?" ಎಂದು ಕೇಳಿ, ಬಸಿಯಲ್ಲಿ ಚಹಾ ಹಾಕಿ, ಗಾಡಿ ಎಷ್ಟು ವಾಲಿತ್ತೋ ಅಷ್ಟೇ ಬಸಿಯನ್ನೂ ವಾಲಿಸಿ ಕುಡಿಸಿದ. ಲೋಕದಲ್ಲಿ ಇಂಥವರೂ ಇದ್ದಾರೆ. ನನ್ನ ಪಕ್ಕದಲ್ಲಿದ್ದವನು ಮಾತ್ರ, "ನೋಡಿದ್ರೇನ್ರಿ, ಮೆಟ್ಟಲಾ ಹತ್ತಿತು!" ಎನ್ನುತ್ತಿದ್ದ.

"ನಿಂಬಿಹಣ್ಣು, ರಾಚಪ್ಪಾ! ನೀ ಅದಕ್ಕ ನಿಂಬಿಹಣ್ಣ ನೆಲಾ ಅಂತ ಕಲಿಸೀದಿ!"

ಅವನ ಮುಖ ಬಿಳುಪೇರಿತು. ಆಮೇಲೆ ಹೇಳಿದನಲ್ಲ ಒಂದು ಮಾತು: "ಪೂಜಾ ಮಾಡೂ ಮುಂದ ನೀವು ಹಿರ್ಯಾರು, ಒಂದ ಮಾತ ಹೇಳಬಾರದಿತ್ತೇನ್ರಿ?"

ಬಸಿ ಅಂಗಡಿಯವನ ಕೈಯಲ್ಲಿತ್ತು. ಇಲ್ಲದಿದ್ದರೆ ಆ ಚಹಾ ಎಲ್ಲಿಗೆ ಹೋಗುತ್ತಿತ್ತೋ ಹೇಳಲಾರೆ.

ಗಾಡಿ ಹಿಂದಕ್ಕೆ ಇಳಿಯಿತು, ಗಾಳಿಗೆ ಮೂತಿ ಒಡ್ಡಿತು, ಮತ್ತೆ ಓಡಿತು. ನೀವು ನಮ್ಮ ಸೀಮೆಯವರಾಗಿದ್ದರೆ ಎಲ್ಲಿಗೆಂದು ಆಗಲೇ ತಿಳಿದಿರುತ್ತದೆ. ನಿಂಬೆಹಣ್ಣಿನ ಮಾರುಕಟ್ಟೆಗೆ! ಆಳೆತ್ತರದ ಹಳದಿ ರಾಶಿಗಳು. ಗಾಡಿ ಮೊದಲನೆಯ ರಾಶಿಗೆ ಎಮ್ಮೆ ಕೆರೆಗಿಳಿದಂತೆ ಇಳಿದು ಕಣ್ಣು ಮುಚ್ಚಿತು. ಅಂದರೆ ದೀಪ ಆರಿಸಿತು. ಟೈರಿನ ನಾನೂರು ಹಲ್ಲುಗಳೂ ಬಟ್ಟಲುಗಳಾಗಿ, ಬಟ್ಟಲಿಗೊಂದು ಹಣ್ಣು ಹಿಡಿದುಕೊಂಡವು. ಒಂದೂ ಒಡೆದಿರಲಿಲ್ಲ. ವ್ಯಾಪಾರಿಗಳು ಕೋಲು ಹಿಡಿದು ಬಂದವರು, ಅದನ್ನು ನೋಡಿ ಕೋಲು ಕೆಳಗಿಟ್ಟು ಫೋಟೋ ತೆಗೆದರು.

ಒಂಬತ್ತು ಗಂಟೆ. ಕಾಶೀಬಾಯಿಯ ಫೋನು.

"ನೀಲಾ, ಹೊಂಟಿಯೇನ? ನಾ ಐದಕ್ಕ ಎದ್ದು ಜಳಕಾ ಮಾಡಿ ಕುಂತೀನಿ. ಹೊಸಾ ಸೀರಿ ಉಟಗೊಂಡೀನಿ. ಅವಸರ ಇಲ್ಲವಾ, ಸಾವಕಾಶ ಬಾ."

ಈ 'ಅವಸರ ಇಲ್ಲವಾ' ನನ್ನ ಎದೆಗೆ ನಾಟಿತು. ಫೋನಿಟ್ಟು, ಮೂವತ್ತನಾಲ್ಕು ವರ್ಷ ಕೂಡಿಟ್ಟ ದನಿಯನ್ನೆಲ್ಲ ಒಮ್ಮೆಲೇ ತೆಗೆದೆ.

"ರಾಚಪ್ಪಾ! ಇನ್ನೊಂದು ಮಾತಾಡಿದಿ ಅಂದ್ರ ಈ ರಾಶಿಯೊಳಗ ನಿನ್ನ ಉಪ್ಪಿನಕಾಯಿ ಹಾಕ್ತೀನಿ!"

ಫೋಟೋ ತೆಗೆಯುತ್ತಿದ್ದ ವ್ಯಾಪಾರಿಗಳು ಎರಡು ಹೆಜ್ಜೆ ಹಿಂದೆ ಸರಿದರು.

ಲಾಲಸಾಬನಿಗೆ ಫೋನು ಮಾಡಿದೆ. ಅವನ ಜೀಪು ಸೋಲಾಪುರಕ್ಕೆ ಹೋಗಿತ್ತು. "ಬರಾಕ ಹತ್ತೀನ್ರಿ ಅಕ್ಕೋರ. ಊರಿಗೆ ಬರೂದಿಲ್ಲ, ಸೀದಾ ವಸ್ತಿಗೇ ಬರ್ತೀನಿ. ಆದ್ರ ಹನ್ನೊಂದು ಆಗ್ತೈತ್ರಿ." ಹನ್ನೊಂದಕ್ಕೆ ಹೊರಟರೆ ವಿಜಯಪುರ ಮುಟ್ಟುವುದು ಒಂದರ ಅಂಚಿಗೆ. ಅಷ್ಟು ಹೊತ್ತು ಕಾಯುವುದೆಂತು? ನಾನು ಜೀವಶಾಸ್ತ್ರದವಳು, ತಲೆ ಓಡಿಸಿದೆ. ಈ ಪ್ರಾಣಿ ಮೊದಲು ಮೂಸಿದ್ದು ಇಡೀ ಹಣ್ಣನ್ನಲ್ಲ, ಒಡೆದ ಹಣ್ಣನ್ನು. ಅಂದರೆ ಒಡೆದ ಹಣ್ಣಿನ ವಾಸನೆಯೇ ಇದಕ್ಕೆ ಹೆಚ್ಚು.

ನನ್ನ ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದ, ಹಣ್ಣು ಆರಿಸುವ ಹೆಂಗಸೊಬ್ಬಳು, ನಾನು ಉಪಾಯ ಹೇಳಿದ್ದೇ ತಡ, ಕುಡುಗೋಲಿನಿಂದ ಇಪ್ಪತ್ತು ಹಣ್ಣು ಹೆಚ್ಚಿ, ತನ್ನ ತಲೆಯ ಬಟ್ಟೆಯಲ್ಲೇ ಗಂಟುಕಟ್ಟಿ ನನ್ನ ಕೊಡೆಯ ತುದಿಗೆ ಬಿಗಿದಳು. "ಕಣ್ಣಿನ ಕೆಲಸಕ್ಕ ಹೊಂಟೀರಿ, ಹೋಗ್ಬರ್ರಿ ಯವ್ವಾ," ಎಂದಳು.

ಕೊಡೆಯನ್ನು ಕಿಟಕಿಯಿಂದ ಮುಂದಕ್ಕೆ ಚಾಚಿದೆ. ದೀಪ ಹೊತ್ತಿತು! ಗಾಡಿ ಎದ್ದಿತು! ಕೊಡೆ ಎಡಕ್ಕೆ ಹಿಡಿದರೆ ಎಡಕ್ಕೆ, ಬಲಕ್ಕೆ ಹಿಡಿದರೆ ಬಲಕ್ಕೆ. ಎತ್ತಿನ ಮುಂದೆ ಹಸಿರು ಹುಲ್ಲು ಹಿಡಿದ ಹಾಗೆ. ವಾಸನೆ ಕಡಿಮೆಯಾದಾಗ ಗಂಟು ಹಿಂಡುವುದು ರಾಚಪ್ಪನ ಕೆಲಸ.

"ನಾ ಇಂಜಿನಿಯರ್ ಅದೀನ್ರಿ ವೈನಿ!"

"ಹಿಂಡು."

ಎರೆಮಣ್ಣಿನ ದಾರಿ ಬಂತು. ಸುಳ್ಳು ಹೇಳಬಾರದು, ಗಾಡಿ ಹುಗಿಯಲಿಲ್ಲ. ಬಟ್ಟಲಲ್ಲೆಲ್ಲ ನಿಂಬೆಹಣ್ಣು ತುಂಬಿದ್ದರಿಂದ ಮಣ್ಣಿಗೆ ಅಂಟಲು ಸಂದೇ ಇರಲಿಲ್ಲ. ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ರಾಚಪ್ಪ ಕೈಯೆಲ್ಲ ರಸ ಸೋರಿಸುತ್ತ ಕುಣಿದ. "ನೋಡ್ರಿ! ಎರಿಯೊಳಗ! ಕೆರೀಲಾರದ!"

ಆಗಲೇ ಕಾಶೀಬಾಯಿಯ ವಸ್ತಿ ಕಂಡಿತು. ಅದರ ಹಿಂದೆ ಅವಳ ಮಗ ಅಮೋಗಸಿದ್ಧನ ತೋಟ. ಐದು ಎಕರೆ ನಿಂಬೆ, ಫಲ ತುಂಬಿ ಬಾಗಿದ ಗಿಡಗಳು, ಕೆಳಗೆಲ್ಲ ಉದುರಿ ಬಿರಿದ ಹಣ್ಣು. ಸಿಟ್ಟಿನಲ್ಲಿ ಎಲ್ಲ ನೆನಪಿತ್ತು, ಇದೊಂದು ಮರೆತಿದ್ದೆ.

ಗಾಡಿ ನನ್ನ ಕೊಡೆಯನ್ನು ಧಿಕ್ಕರಿಸಿತು. ಕಟ್ಟೆಯ ಮೇಲೆ ಕೈಚೀಲ ತೊಡೆಗಿಟ್ಟು ಕೂತಿದ್ದ ಕಾಶೀಬಾಯಿಯ ಮುಂದೆ ರೊಯ್ಯನೆ ಹಾದುಹೋಯಿತು. "ಕಾಶೀ, ಬಂದ್ನಿ!" ಎಂದು ಕೂಗಿದೆ. ತೋಟ ಸುತ್ತಿ ಮತ್ತೆ ಅವಳ ಮುಂದೆ ಹಾದೆವು. "ಬಂದ್ನಿ!" ಎಂದೆ. ಮೂರನೆಯ ಸಲ ಹಾದಾಗ ಅವಳು ಮಂಜುಗಣ್ಣು ಕಿರಿದುಮಾಡಿ ಕೇಳಿದಳು: "ನೀಲಾ, ಒಬ್ಬಾಕಿ ಸಲುವಾಗಿ ಎಷ್ಟ ಗಾಡಿ ತಂದೀಯೇ?"

ನಾಲ್ಕನೆಯ ಸುತ್ತು ಇರಲಿಲ್ಲ. ತೋಟದ ನಡುವೆ ಗಾಲಿಯ ನಟ್ಟುಗಳು ತಾವಾಗಿ ಸಡಿಲಾಗಿ ಟಣ್ ಟಣ್ ಎಂದು ಉದುರಿದವು. ನಾಲ್ಕೂ ಗಾಲಿಗಳು ಗಾಡಿಯಿಂದ ಕಳಚಿ, ಒಂದೊಂದು ಒಂದೊಂದು ಗಿಡದ ಬುಡಕ್ಕೆ ಉರುಳಿ ಹೋಗಿ ಒರಗಿದವು. ನಮ್ಮ ಗಾಡಿ ಹೊಟ್ಟೆಯ ಮೇಲೆ ಕುಸಿಯಿತು.

ಹತ್ತೂ ನಲವತ್ತು.

ನಾನು ಎರೆಯಲ್ಲಿ ಒಂದು ಚಪ್ಪಲಿ ಕಳೆದುಕೊಂಡು ಕಾಶೀಬಾಯಿಯ ಹತ್ತಿರ ಬಂದೆ. ಹಿಂದೆ ರಾಚಪ್ಪ ವಹಿ ತೆಗೆದು ಬರೆದುಕೊಳ್ಳುತ್ತಿದ್ದ. "ಸ್ವಂತ ನಿರ್ಣಯ ತೊಗೊಂಡಾವು ವೈನಿ! ಇದು ಇತಿಹಾಸ!"

"ಆಕೀ ಕಣ್ಣು, ರಾಚಪ್ಪಾ! ಇರೂದು ಒಂದ ಕಣ್ಣು! ನಾಕು ಟೈರು ತೊಗೋ ಅಂತ ಹೇಳಿದ್ನಿ. ಅಂಗಡ್ಯಾಗ ಇದ್ದೂ, ಕಣ್ಣ ಮುಂದ ಇದ್ದೂ! ಆರಿಸೂದು ಇಷ್ಟ ಇತ್ತು ನಿನ್ನ ಕೆಲಸ!"

ಕಾಶೀಬಾಯಿ ಗಾಳಿಯಲ್ಲಿ ತಡವರಿಸಿ ನನ್ನ ಕೈ ಹಿಡಿದಳು. "ಬೈಬ್ಯಾಡವಾ ಅವಗ. ಮೂರ ತಿಂಗಳ ಏನ ದೊಡ್ಡದು? ರೂಢಿ ಆಗೇತಿ ನನಗ. ರಾಚಪ್ಪಾ, ಮಜ್ಜಿಗಿ ಕುಡಿ ಬಾ."

"ಅವಗ ಮಜ್ಜಿಗಿ ಕೊಡಬ್ಯಾಡ ಕಾಶೀ!" ಎಂದು ಅವಳ ಮೇಲೂ ಕೂಗಿದೆ. ಕ್ಷಮಿಸುವವರನ್ನು ಕಂಡರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ದೂರದಲ್ಲಿ ಜೀಪಿನ ಸದ್ದು. ಲಾಲಸಾಬ! ಡಾಂಬರಿನ ಅಂಚಿನಲ್ಲೇ ವಾಲ್ವಿಗೆ ಕಡ್ಡಿ ಒತ್ತಿ ಟೈರಿನ ಗಾಳಿ ಅರ್ಧ ಇಳಿಸಿಕೊಂಡು, ಆಮೆಯ ಹಾಗೆ ಬರುತ್ತಿದ್ದ. ಅವೇ, ಅಂಗಡಿಯಲ್ಲಿ ತೋರಿಸಿದ ನಡುವಿನ ಟೈರುಗಳು. ಬಂದವನು ಹೊಟ್ಟೆಯ ಮೇಲೆ ಕೂತ ನಮ್ಮ ಗಾಡಿ ನೋಡಿಯೂ ನಗಲಿಲ್ಲ. ಸೀಟಿನ ಮೇಲೆ ಕಂಬಳಿ ಮಡಿಚಿ ಹಾಕಿ, "ಅವ್ವಾರ, ಕಾಲು ಇಲ್ಲಿ ಇಡ್ರಿ," ಎಂದು ಕಾಶೀಬಾಯಿಯನ್ನು ಹತ್ತಿಸಿದ.

ರಾಚಪ್ಪನೂ ಹತ್ತಲು ಬಂದ.

"ನೀ ಇಳಿ. ಭಾರ ಆಗ್ತೈತಿ," ಎಂದೆ. "ನಿನ್ನ ಇತಿಹಾಸ ಕಾಯ್ಕೊಂಡು ಕುಂಡ್ರು."

ಮೂರು ಕಿಲೋಮೀಟರಿನಲ್ಲಿ ಎರಡು ಸಲ ಹಲ್ಲಿನ ಸಂದು ತುಂಬಿ ಜೀಪು ನಿಂತಿತು. ಎರಡು ಸಲವೂ ಲಾಲಸಾಬ ಒಂದು ಬದಿ, ನಾನೊಂದು ಬದಿ ಕಡ್ಡಿ ಹಿಡಿದು ಕೆರೆದೆವು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಇಷ್ಟು ಸಿಟ್ಟಿನಿಂದ ಏನನ್ನೂ ಕೆರೆದಿರಲಿಲ್ಲ. ಕಿತ್ತು ಬಂದ ಮಣ್ಣಿನ ಪ್ರತಿ ಹೆಂಟೆಗೂ ಮೈದುನನ ಹೆಸರಿಟ್ಟೆ. ಡಾಂಬರು ಮುಟ್ಟಿ, ಗಾಳಿ ತುಂಬಿಕೊಂಡು, ಆಸ್ಪತ್ರೆಯ ಬಾಗಿಲಿಗೆ ಬಂದಾಗ ಒಂದಕ್ಕೆ ನಾಲ್ಕು ನಿಮಿಷ ಇತ್ತು. ಬಾಗಿಲಲ್ಲಿದ್ದ ನರ್ಸಮ್ಮ ನನ್ನ ಕೆಸರುಗಾಲು, ಒಂಟಿ ಚಪ್ಪಲಿ ನೋಡಿದಳು. ತನ್ನ ಚಪ್ಪಲಿ ಬಿಟ್ಟು ನನ್ನ ಮುಂದಿಟ್ಟಳು.

ಮರುದಿನ ಪಟ್ಟಿ ಬಿಚ್ಚಿದರು. ಕಾಶೀಬಾಯಿ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು.

"ನೀಲಾ, ಎಷ್ಟ ಮುದುಕಿ ಆಗೀಯಲ್ಲೇ!" ಎಂದಳು. ಎರಡು ದಿನದ ಸಿಟ್ಟಿನಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಗಾಲಿಗಳು ಇನ್ನೂ ತೋಟದಲ್ಲೇ ಇವೆ. ಬೆಳಗಾದರೆ ನಾಲ್ಕೂ ತಮ್ಮ ಗಿಡದ ಸುತ್ತ ಉರುಳಿ, ಉದುರಿದ ಹಣ್ಣುಗಳನ್ನೆಲ್ಲ ಆರಿಸಿ, ಗಾತ್ರದ ಪ್ರಕಾರ ಬೇರೆಬೇರೆ ಗುಡ್ಡೆ ಹಾಕಿ, ಮತ್ತೆ ಬುಡಕ್ಕೆ ಒರಗಿ ಮಲಗುತ್ತವೆ. ಕಳೆದ ವಾರ ಐದನೆಯ ಗಿಡದ ಬುಡದಲ್ಲಿ ಅಂಗೈಯಗಲದ ಒಂದು ಸಣ್ಣ ಗಾಲಿ ಕಾಣಿಸಿಕೊಂಡಿದೆಯಂತೆ! ಅದು ಹೇಗೆ ಬಂತೆಂದು ಜೀವಶಾಸ್ತ್ರದವಳಾದ ನನ್ನನ್ನು ಕೇಳಬೇಡಿ. ರಾಚಪ್ಪ ತನ್ನ ಆವಿಷ್ಕಾರ ವಾಪಸು ಕೊಡೆಂದು ವಾರಕ್ಕೆರಡು ಸಲ ಹೋಗುತ್ತಾನೆ. ದಾರಿ ಹಸಿಯಾಗಿದ್ದರೆ ನಡೆದೇ ಹೋಗುತ್ತಾನೆ. ಅಮೋಗಸಿದ್ಧ ಕೊಡುವುದಿಲ್ಲ. ಆ ಗಾಲಿಗಳಿಗೆ ದಿನವೂ ತಪ್ಪದೆ ನೀರು ಬಿಡುತ್ತಾನೆ. ನಮ್ಮ ರಾಚಪ್ಪನಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳುವುದನ್ನು ಮಾತ್ರ ಮರೆಯುತ್ತಾನಂತೆ. ನಾನೂ ನೆನಪು ಮಾಡಿಕೊಟ್ಟಿಲ್ಲ.