ಫ್ಲೆಕ್ಸ್ ಅಂಗಡಿಯವರು ಬದುಕಿಸಿದ್ದು

ಇಂಥವು ನನಗೇ ಯಾಕೆ ಗಂಟುಬೀಳುತ್ತವೋ ಗೊತ್ತಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಸ್ಪ್ಯಾನಿಷ್ ಕಲಿಸುತ್ತೇನೆ. ಆ ಭಾಷೆಯಾಡುವ ದೇಶಗಳಲ್ಲಿ ಗೋಡೆಚಿತ್ರ, ಪೋಸ್ಟರು, ಫೋಟೋಗಳು ಹೇಗೆ ರಾಜಕೀಯ ಮಾಡುತ್ತವೆ ಅನ್ನುವುದು ನನ್ನ ಸಂಶೋಧನೆ. ಹೀಗೆಂದು ಯಾರಿಗಾದರೂ ಬಾಯಿಬಿಟ್ಟಾಗಲೆಲ್ಲ ನನ್ನ ನೆಮ್ಮದಿ ಕೆಟ್ಟಿದೆ.

ಗೋಡೆ

ಲಕ್ಷ್ಮೀಪುರಂನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಗೇಟಿನಲ್ಲೇ ತಡೆದರು. "ಗೋಡೆಚಿತ್ರದಲ್ಲಿ ಡಾಕ್ಟರೇಟ್ ಅಂತಲ್ಲಮ್ಮ? ನಮ್ಮ ಕಾಂಪೌಂಡಿಗೆ ಹೋಗೋರು ಬರೋರೆಲ್ಲ ಒಂದಕ್ಕೆ ಮಾಡ್ತಾರೆ. ದೇವರ ಚಿತ್ರ ಬರೆಸ್ಬೇಕು. ಯಾವ ದೇವರಿಗೆ ಜನ ಹೆದರ್ತಾರೆ, ಹೇಳು."

"ಅದು ನನ್ನ ವಿಷಯ ಅಲ್ಲ ಅಂಕಲ್," ಅಂದೆ, ಹಲ್ಲು ಕಚ್ಚಿ.

"ಮತ್ತೆ ಅಷ್ಟು ವರ್ಷ ಓದಿದ್ದೇನು ಕಣಮ್ಮ?"

ರಾಜಕೀಯ

ಕಾಲೇಜಿನಲ್ಲಿ ಏರ್ಪಡಿಸಿದ ಪ್ರದರ್ಶನವೊಂದಕ್ಕೆ 'ಫೋಟೋ ಮತ್ತು ರಾಜಕೀಯ' ಎಂದು ಹೆಸರಿಟ್ಟೆ. ಪ್ರಾಂಶುಪಾಲರು ಕೆಂಪು ಪೆನ್ನಿನಲ್ಲಿ 'ರಾಜಕೀಯ' ಹೊಡೆದುಹಾಕಿದರು. "ಕಾಲೇಜಿನೊಳಗೆ ರಾಜಕೀಯ ಬೇಡ ಮೇಡಂ."

ಮೈಯೆಲ್ಲ ಉರಿಯಿತು. ತಡೆದುಕೊಂಡು ಕೇಳಿದೆ: "ಉದ್ಘಾಟನೆಗೆ ಯಾರನ್ನ ಕರೀತೀರಿ ಸಾರ್?"

"ಎಮ್ಮೆಲ್ಲೆ ಅವರನ್ನ. ಆಗಲೇ ಒಪ್ಪಿದಾರೆ."

ಫ್ಲೆಕ್ಸ್

ಆ ಪ್ರದರ್ಶನದ ಜೀವಾಳವೇ ಅರ್ಜೆಂಟೀನಾದ ಗೆಳತಿಯೊಬ್ಬಳು ಕಳಿಸಿದ ಫೋಟೋಗಳು. ಎಪ್ಪತ್ತರ ದಶಕದ ಮಿಲಿಟರಿ ಆಡಳಿತದಲ್ಲಿ ಸೈನ್ಯ ಎತ್ತಿಕೊಂಡು ಹೋದ, ಮತ್ತೆ ಮನೆಗೆ ಬಾರದ ಹುಡುಗ ಹುಡುಗಿಯರವು. ಅವರ ತಾಯಂದಿರು ಇವನ್ನೇ ಎದೆಗೆ ಹಿಡಿದು ಬೀದಿಗಿಳಿದಿದ್ದರು. ಗೆಳತಿಯ ಅಣ್ಣನೂ ಅವುಗಳಲ್ಲಿದ್ದ. ಅವನು ಸತ್ತನೆಂದು ಒಪ್ಪದೆಯೇ ತಾಯಿ ಕಣ್ಣುಮುಚ್ಚಿದರು. ಗೆಳತಿಯ ಷರತ್ತು ಒಂದೇ: ಸತ್ತರೆಂದು ಎಲ್ಲೂ ಬರೆಯಕೂಡದು. 'ಎಲ್ಲಿದ್ದಾರೆ?' ಎಂದಷ್ಟೇ ಬರೆದು, ಎಲ್ಲ ಫೋಟೋ ಸೇರಿಸಿ ಒಂದೇ ಫ್ಲೆಕ್ಸ್ ಮಾಡಲು ಉದಯಗಿರಿಯ ಫ್ಲೆಕ್ಸ್ ಅಂಗಡಿಗೆ ಕೊಟ್ಟೆ.

ಉದ್ಘಾಟನೆಯ ದಿನ ಬೆಳಿಗ್ಗೆ ಫ್ಲೆಕ್ಸ್ ಬಂತು. ಎರಡು ಕಡೆ ದೀಪ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ 'ಎಲ್ಲಿದ್ದಾರೆ?'

ಅಂಗಡಿಗೆ ನುಗ್ಗಿ ಕೂಗಾಡಿದೆ. "ಇವರು ಸತ್ತಿದ್ದಾರೆ ಅಂತ ಯಾರ್ರೀ ಹೇಳಿದ್ದು ನಿಮಗೆ?"

"ಬ್ಲಾಕ್ ಅಂಡ್ ವೈಟ್ ಫೋಟೋ ಕೊಟ್ರಲ್ಲ ಮೇಡಂ, ಅದಕ್ಕೇ..." ಅಂಗಡಿಯವರು ಬೆವರೊರೆಸಿಕೊಂಡರು. "ಬದುಕಿದಾರಾ? ತಪ್ಪಾಗ್ಬುಡ್ತು. ನೀವು ಹೋಗಿ, ಒಂದ್ ಗಂಟೇಲಿ ಬೇರೆ ಕಳಿಸ್ತೀನಿ."

ಕಳಿಸಿದರು. ಮಧ್ಯಾಹ್ನ ಗೆಳತಿ ವಿಡಿಯೋ ಕಾಲಿನಲ್ಲಿ ನೋಡುತ್ತಿದ್ದಂತೆಯೇ ಬಿಚ್ಚಿದೆವು. ಎಲ್ಲರ ಕೆನ್ನೆಗೂ ಬಣ್ಣ, ಸುತ್ತ ಬಲೂನು, ಮೇಲೆ ದಪ್ಪಕ್ಷರದಲ್ಲಿ 'ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು'.

ಏನು ಬರೆದಿದೆ ಎಂದು ಕೇಳಿದಳು. ಬರೆದದ್ದನ್ನೂ ಬೆಳಿಗ್ಗೆ ಅಂಗಡಿಯಲ್ಲಿ ನಡೆದದ್ದನ್ನೂ ಹೇಳಿದೆ. "ಈಗಲೇ ಕಿತ್ತು ಬಿಸಾಕ್ತೀನಿ."

"ಬೇಡ," ಎಂದಳು. ನಗುತ್ತಿದ್ದಳು, ಅಳುತ್ತಲೂ ಇದ್ದಳು. "ಅಣ್ಣ ಬದುಕಿದ್ದಾನೆ ಅಂತ ಅಮ್ಮನನ್ನು ಬಿಟ್ಟರೆ ನಂಬಿದವರು ನಿಮ್ಮ ಅಂಗಡಿಯವರು ಒಬ್ಬರೇ."